ಎದ್ದು ನಿಂತ 1,025 ಜನ: ಪಶ್ಚಿಮ ಪಪುವಾಗೆ ಸ್ವಾತಂತ್ರ್ಯ ತಪ್ಪಿಸಿದ್ದು ಹೇಗೆ

1969ರ ಜುಲೈ 14ರಿಂದ ಆಗಸ್ಟ್ 2ರವರೆಗೆ, ಅಂದ್ರೆ ಮೂರು ವಾರಕ್ಕೂ ಕಮ್ಮಿ ಟೈಮಲ್ಲಿ, ಪಶ್ಚಿಮ ಪಪುವಾದ ಎಂಟು ಊರಲ್ಲಿ ಎಂಟು ಸಭೆ ಮಾಡಿ, ಇಂಡೋನೇಷ್ಯಾ ಜೊತೆ ಇರೋದಾ ಬೇರೆ ಆಗೋದಾ ಅನ್ನೋ ಹೆಚ್ಚುಕಮ್ಮಿ 8 ಲಕ್ಷ ಜನರ ಹಣೆಬರಹವನ್ನ 1,025 ಜನರ ಕೈಲಿ ಬರೆಸಿಬಿಟ್ರು. ಮತಪೆಟ್ಟಿಗೆ ಇಲ್ಲ, ಚೀಟಿ ಇಲ್ಲ, ವಿರೋಧವಾಗಿ ಒಂದೇ ಒಂದು ಓಟೂ ಇಲ್ಲ. ಇದಕ್ಕೆ ಕೊಟ್ಟ ಸರ್ಕಾರಿ ಹೆಸರು 'ಮುಕ್ತ ಆಯ್ಕೆಯ ಕ್ರಿಯೆ'. ಪಪುವಾದ ಜನ ಇವತ್ತಿಗೂ ಅದನ್ನ ಆಡ್ಕೊಂಡು 'ಆಯ್ಕೆಯೇ ಇಲ್ಲದ ಕ್ರಿಯೆ' ಅಂತಾರೆ.

ಪಶ್ಚಿಮ ಪಪುವಾ ಬಗ್ಗೆ ಬಂದಿರೋ ಡಾಕ್ಯುಮೆಂಟರಿಗಳಲ್ಲಿ ಸಾಮಾನ್ಯವಾಗಿ ಎರಡು ಹಳೇ ಫಿಲಂ ತುಣುಕು ಇರುತ್ತೆ. ಒಂದು, 1961ರಲ್ಲಿ ಡಚ್ ಬಾವುಟದ ಪಕ್ಕದಲ್ಲಿ ಪಪುವಾದವರ ಬಾವುಟ ಏರೋದು. ಇನ್ನೊಂದು, 1969ರ ಸಭೆಯಲ್ಲಿ ಜನ ಸಾಲಾಗಿ ಕೂತು, ಹೇಳಿದಾಗ ಏಳೋದು. ಆಮೇಲೆ ಕಾಡು, ಗನ್ನು, ಹೆಲಿಕಾಪ್ಟರು, ಅಳು. ನೋಡಿದೋರಿಗೆ ಸಿಟ್ಟು ಬರುತ್ತೆ, ಇಂಡೋನೇಷ್ಯಾ ಗನ್ ಹಿಡ್ಕೊಂಡು ನುಂಗಿ ಹಾಕ್ತು ಅಂತ ತೀರ್ಮಾನ ಮಾಡಿ ಎದ್ದು ಹೋಗ್ತಾರೆ. ಅದು ಸುಳ್ಳಲ್ಲ, ಆದ್ರೆ ಅರ್ಧ ಕಥೆ. ಬರೀ ಗನ್ ಇಟ್ಕೊಂಡು ಒಂದು ದೇಶ ನುಂಗಿದ್ರೆ ಅದು ಆಕ್ರಮಣ ಅಂತ ದಾಖಲಾಗುತ್ತೆ, ಇಲ್ಲಿ ಹಾಗೆ ದಾಖಲಾಗ್ಲಿಲ್ಲ. ಕಾಗದದ ಮೇಲೆ ಎಲ್ಲಾ ರೂಲ್ಸ್ ಪ್ರಕಾರವೇ ಆಯ್ತು, ಸಹಿ ಹಾಕಿದೋರೆಲ್ಲ ದೊಡ್ಡ ಮನುಷ್ಯರು, ಅದರಲ್ಲಿ ನಮ್ಮವರೂ ಇದ್ರು. ನನಗೆ ಈ ಕೇಸಲ್ಲಿ ಆಸಕ್ತಿ ಇರೋದು ಆ ಕಾಗದಪತ್ರದ ಫೈಲಿನ ಬಗ್ಗೆ.

ಜಾಗ ಯಾವುದು, ಯಾರದ್ದು

ಆಸ್ಟ್ರೇಲಿಯಾ ತಲೆ ಮೇಲೆ ಇರೋ ನ್ಯೂಗಿನಿ ದ್ವೀಪವನ್ನ ಮ್ಯಾಪಲ್ಲಿ ನೋಡಿ, ಮಧ್ಯದಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದಂಗೆ ಇದೆ. 141ನೇ ಡಿಗ್ರಿ ಪೂರ್ವ ರೇಖಾಂಶ. ಡಚ್ಚರು 1828ರಲ್ಲಿ ಪಶ್ಚಿಮದ ಭಾಗ ನಮ್ಮದು ಅಂತ ಘೋಷಣೆ ಮಾಡಿದ್ರು, ಪೂರ್ವದ ಭಾಗವನ್ನ 1884ರಲ್ಲಿ ಜರ್ಮನ್ನರು, ಬ್ರಿಟಿಷರು ಹಂಚ್ಕೊಂಡ್ರು. ಪೂರ್ವದ್ದು ಈಗ ಪಪುವಾ ನ್ಯೂಗಿನಿ ಅನ್ನೋ ಸ್ವತಂತ್ರ ದೇಶ, 1975ರಿಂದ. ಪಶ್ಚಿಮದ್ದು ಇಂಡೋನೇಷ್ಯಾದ ಭಾಗ. ಗೆರೆಯ ಆ ಕಡೆ ಈ ಕಡೆ ಇರೋರು ಒಂದೇ ಮೆಲನೇಷ್ಯನ್ ಜನ, ಅಂದ್ರೆ ನೈಋತ್ಯ ಪೆಸಿಫಿಕ್ ದ್ವೀಪಗಳ ಮೂಲನಿವಾಸಿಗಳು, ಎಷ್ಟೋ ಕಡೆ ಒಂದೇ ಕುಲದೋರ ಹೊಲಗದ್ದೆ ಮಧ್ಯೆನೇ ಗಡಿ ಹಾದು ಹೋಗಿದೆ.

ಪಶ್ಚಿಮದ ಭಾಗ ಒಂದೇ ಕರ್ನಾಟಕದ ಎರಡರಷ್ಟಕ್ಕಿಂತ ದೊಡ್ಡದು. 250ಕ್ಕೂ ಹೆಚ್ಚು ಭಾಷೆ. ಕರಾವಳಿಯಲ್ಲಿ ಸಾಗೋ ಮರದ ಹಿಟ್ಟು ತಿನ್ನೋರು, ಮೇಲೆ ಬೆಟ್ಟದ ಕಣಿವೆಗಳಲ್ಲಿ ಗೆಣಸು ಬೆಳೆದು ಹಂದಿ ಸಾಕೋ ದಾನಿ, ಲಾನಿ ಜನ. ಡಚ್ಚರು ನಮ್ಮದು ಅಂದಿದ್ದೇನೋ ನಿಜ, ಆದ್ರೆ 1898ರವರೆಗೆ ಅಲ್ಲಿ ಸರಿಯಾದ ಒಂದು ಆಡಳಿತ ಕಚೇರಿನೂ ನಿಲ್ಲಿಸಿರಲಿಲ್ಲ. ಅವರಿಗೆ ಅದು ಬೇಕಾಗಿದ್ದು ಆಗ ತಾವೇ ಆಳ್ತಿದ್ದ ಇಂಡೋನೇಷ್ಯಾದ ಜಾವಾದಲ್ಲಿ ಗಲಾಟೆ ಮಾಡೋರನ್ನ ತಂದು ಕೂಡಿಹಾಕೋದಕ್ಕೆ. ಮಲೇರಿಯಾ ತುಂಬಿದ ಕಾಡಿನ ಮಧ್ಯೆ, ನದಿ ಮೇಲಿನ ಬೋವೆನ್ ದಿಗೂಲ್ ಅನ್ನೋ ಶಿಬಿರ, ಇಂಡೋನೇಷ್ಯಾದ ಸ್ವಾತಂತ್ರ್ಯ ಹೋರಾಟಗಾರರಿಗೆ ಅದೇ ಅಂಡಮಾನ್. ಮುಂದೆ ಇಂಡೋನೇಷ್ಯಾದ ಮೊದಲ ಉಪಾಧ್ಯಕ್ಷ ಆದ ಮೊಹಮ್ಮದ್ ಹಟ್ಟಾ 1935ರಲ್ಲಿ ಅಲ್ಲಿಗೆ ಗಡೀಪಾರಾಗಿ ಹೋಗಿದ್ರು.

ಈ ಹಟ್ಟಾ ವಿಷಯ ಯಾರೂ ಜಾಸ್ತಿ ಹೇಳಲ್ಲ, ಹೇಳ್ಬೇಕು. 1945ರ ಜುಲೈನಲ್ಲಿ, ಸ್ವಾತಂತ್ರ್ಯ ಘೋಷಣೆಗೆ ಮುಂಚೆ, ಹೊಸ ದೇಶದ ಗಡಿ ಎಲ್ಲೀವರೆಗೆ ಅಂತ ಇಂಡೋನೇಷ್ಯಾದ ನಾಯಕರು ಕೂತು ಚರ್ಚೆ ಮಾಡಿದ್ರು. ಪಪುವಾದವರು ಮೆಲನೇಷ್ಯನ್ನರು, ಅವರಿಗೂ ಸ್ವತಂತ್ರ ಆಗೋ ಹಕ್ಕಿದೆ, ಅದನ್ನ ಸೇರಿಸ್ಕೊಳೋದು ಬೇಡ ಅಂದೋರು ಹಟ್ಟಾ. ಓಟಿಗೆ ಹಾಕಿದ್ರು, 66ರಲ್ಲಿ 39 ಜನ ದೊಡ್ಡ ಇಂಡೋನೇಷ್ಯಾನೇ ಬೇಕು ಅಂದ್ರು. ಡಚ್ಚರ ಕೈಲಿ ಆ ಕಾಡಲ್ಲಿ ಕೊಳೆತ ಮನುಷ್ಯನಿಗೆ ಅಲ್ಲಿನ ಜನ ಬೇರೆ ಅಂತ ಕಾಣಿಸ್ತು, ದೂರದಲ್ಲಿ ಕೂತಿದ್ದೋರಿಗೆ ಕಾಣಿಸ್ಲಿಲ್ಲ.

ಇಂಡೋನೇಷ್ಯಾದ ವಾದಾನೂ ನೇರವಾಗಿ ಇಟ್ಬಿಡೋಣ, ಅದು ಸುಮ್ನೆ ತಳ್ಳಿ ಹಾಕೋವಂಥದ್ದಲ್ಲ. ಡಚ್ಚರ ವಸಾಹತು ಎಷ್ಟಿತ್ತೋ ಅಷ್ಟೂ ನಮ್ಮ ದೇಶ, ಪಶ್ಚಿಮ ತುದಿಯ ಸಬಾಂಗ್‌ನಿಂದ ಪೂರ್ವ ತುದಿಯ ಮೆರೌಕೆವರೆಗೆ ಅನ್ನೋದು ಅವರ ಮಾತು. ಬ್ರಿಟಿಷ್ ಇಂಡಿಯಾಗೆ ವಾರಸುದಾರರಾದ ನಾವು ಇದನ್ನ ಹೇಗೆ ಅಲ್ಲಗಳೆಯೋದು? ಮೇಲಿಂದ, 1949ರ ಡಿಸೆಂಬರ್ 27ಕ್ಕೆ ಡಚ್ಚರು ಅಧಿಕಾರ ಬಿಟ್ಟುಕೊಟ್ಟಾಗ ನ್ಯೂಗಿನಿ ಒಂದನ್ನ ಮಾತ್ರ ಇಟ್ಕೊಂಡ್ರು, ಒಂದು ವರ್ಷದೊಳಗೆ ಮಾತಾಡಿ ತೀರಿಸ್ಕೊಳೋಣ ಅಂತ ಹೇಳಿ ತೀರಿಸ್ಲೇ ಇಲ್ಲ. ಇಂಡೋನೇಷ್ಯಾದ ಅಧ್ಯಕ್ಷ ಸುಕರ್ನೋಗೆ ಇದು ವಸಾಹತುಶಾಹಿಯ ಬಾಲ ಇನ್ನೂ ಅಲ್ಲಾಡ್ತಿದೆ ಅಂತ ಅನ್ಸಿದ್ರಲ್ಲಿ ತಪ್ಪೇನಿಲ್ಲ. ಭಾರತವೂ ವಿಶ್ವಸಂಸ್ಥೆಯಲ್ಲಿ 50ರ ದಶಕ ಪೂರ್ತಿ ಇಂಡೋನೇಷ್ಯಾ ಪರವಾಗೇ ಇತ್ತು, ಏಷ್ಯಾ, ಆಫ್ರಿಕಾದ ಹೊಸ ದೇಶಗಳು ಒಟ್ಟಿಗೆ ಕೂತ ಬಾಂಡುಂಗ್ ಸಮ್ಮೇಳನದ ಕಾಲ ಅದು. ಆ ವಾದ ಎಲ್ಲಾ ಒಪ್ಪಿಕೊಂಡ್ರೂ ಒಂದು ಪ್ರಶ್ನೆ ಉಳಿಯುತ್ತೆ, ಅಲ್ಲಿ ಇರೋರನ್ನ ಕೇಳಿದ್ರಾ?

1961ರ ಡಿಸೆಂಬರ್

ಡಚ್ಚರು ತಮ್ಮ ಕಾರಣಕ್ಕೇ ಇರ್ಲಿ, ಮಾನ ಉಳಿಸ್ಕೊಳೋಕೇ ಇರ್ಲಿ, 50ರ ದಶಕದ ಕೊನೆಗೆ ಪಪುವಾದವರನ್ನ ಆಡಳಿತಕ್ಕೆ ತಯಾರು ಮಾಡೋಕೆ ಶುರು ಮಾಡಿದ್ರು. 1961ರ ಏಪ್ರಿಲ್ 5ಕ್ಕೆ ನ್ಯೂಗಿನಿ ಕೌನ್ಸಿಲ್ ಕೂತ್ಕೊಳ್ತು, 28 ಸದಸ್ಯರು, ಅದರಲ್ಲಿ 16 ಜನ ಚುನಾಯಿತರು, ಬಹುಮತ ಪಪುವಾದವರದ್ದೇ. ಅವರು ಸುಮ್ನೆ ಕೂರ್ಲಿಲ್ಲ. ಬಾವುಟ ಬೇಕು ಅಂದ್ರು, ಹಾಡು ಬೇಕು ಅಂದ್ರು, ನಾಡಿಗೆ ಹೆಸರು ಬೇಕು ಅಂದ್ರು. ಬಾವುಟ ಮಾಡಿದ್ದು ಕೌನ್ಸಿಲ್ ಸದಸ್ಯ ನಿಕೋಲಾಸ್ ಯೋವೆ, ಒಂದು ಕಡೆ ಕೆಂಪು ಪಟ್ಟಿಯಲ್ಲಿ ಬಿಳಿ ನಕ್ಷತ್ರ, ಪಕ್ಕದಲ್ಲಿ ನೀಲಿ ಬಿಳಿ ಪಟ್ಟೆಗಳು. ಬೆಳ್ಳಿ ಚುಕ್ಕಿ ಬಾವುಟ ಅಂತ ನಾನು ಕರೀತೀನಿ, ಮುಂಜಾನೆ ಮೂಡೋ ನಕ್ಷತ್ರ ಅದು. ಡಿಸೆಂಬರ್ 1ಕ್ಕೆ ರಾಜಧಾನಿ ಹಾಲಂಡಿಯಾದಲ್ಲಿ, ಈಗಿನ ಜಯಪುರದಲ್ಲಿ, ಅದನ್ನ ಏರಿಸಿದ್ರು. ಪಪುವಾದ ಜನ ತಮ್ಮ ಸ್ವಾತಂತ್ರ್ಯ ದಿನ ಅಂತ ಎಣಿಸೋದು ಇದನ್ನೇ, ಸ್ವಾತಂತ್ರ್ಯ ಬರದೇ ಇದ್ರೂ.

18 ದಿನ ಕಳೀತು ಅಷ್ಟೆ. ಡಿಸೆಂಬರ್ 19ಕ್ಕೆ ಸುಕರ್ನೋ ಜೋಗ್ಯಕರ್ತದಲ್ಲಿ ನಿಂತು ಡಚ್ಚರ ಈ ಬೊಂಬೆ ರಾಜ್ಯ ಹೊಡೆದು ಹಾಕಿ, ಜನರೆಲ್ಲ ಸಜ್ಜಾಗಿ ಅಂತ ಆಜ್ಞೆ ಹೊರಡಿಸಿದ್ರು. ತಾರೀಖು ನೋಡಿ, ಅದೇ ದಿನ ಗೋವಾದಲ್ಲಿ ಪೋರ್ಚುಗೀಸರು ಶರಣಾದ್ರು. ಬೆಳಗಾವಿ ಸುತ್ತಮುತ್ತ ಸೇರಿದ್ದ ನಮ್ಮ ಸೈನ್ಯ ಒಂದೂವರೆ ದಿನದಲ್ಲಿ ಕೆಲಸ ಮುಗಿಸಿತ್ತು. ಆ ಕಡೆ ಕಾರವಾರ, ಈ ಕಡೆ ಬೆಳಗಾವಿಯ ಜನಕ್ಕೆ ಅದು ಹಬ್ಬ, ಸರಿಯೇ. ಜಕಾರ್ತದಲ್ಲಿ ಕೂತೋರಿಗೆ ಎರಡೂ ಒಂದೇ ಥರ ಕಾಣ್ತು, ಬಿಳಿಯರ ಕೈಲಿ ಉಳಿದಿರೋ ತುಂಡು ಕಿತ್ಕೊಳೋದು. ಆದ್ರೆ ಗೋವಾದವರು ಪೋರ್ಚುಗೀಸರು ಹೋಗ್ಲಿ ಅಂತ ದಶಕಗಳ ಕಾಲ ತಾವೇ ಚಳವಳಿ ಮಾಡಿ ಜೈಲಿಗೆ ಹೋಗಿದ್ರು. ಪಪುವಾದಲ್ಲಿ ಇಂಡೋನೇಷ್ಯಾ ಬರ್ಲಿ ಅಂದೋರು ಇರ್ಲಿಲ್ಲ ಅಂತಲ್ಲ, ಇದ್ರು. ಬಿಯಾಕ್‌ನ ಫ್ರಾನ್ಸ್ ಕೈಸಿಯೆಪೋ ಮೊದಲಿಂದ ಆ ಕಡೆಯೇ, ಆಮೇಲೆ ಗವರ್ನರ್ ಆದ್ರು, 2016ರಿಂದ ಇಂಡೋನೇಷ್ಯಾದ 10,000 ರುಪಿಯಾ ನೋಟಿನ ಮೇಲೆ ಅವರದ್ದೇ ಮುಖ. ಅವರನ್ನ ದ್ರೋಹಿ ಅಂತ ಒಂದೇ ಮಾತಲ್ಲಿ ಮುಗಿಸೋದು ನನಗೆ ಇಷ್ಟ ಇಲ್ಲ, ಡಚ್ಚರ ಕೆಳಗೆ ಬದುಕಿದ ಒಬ್ಬ ಮನುಷ್ಯ ಡಚ್ಚರ ಶತ್ರುವಿನ ಜೊತೆ ಹೋಗೋದು ಸಹಜಾನೇ. ಆದ್ರೆ ಬಹುಮತ ಯಾವ ಕಡೆ ಇತ್ತು ಅಂತ ತಿಳ್ಕೊಳೋಕೆ ಇದ್ದದ್ದು ಒಂದೇ ದಾರಿ, ಎಲ್ಲರಿಗೂ ಓಟು ಕೊಡೋದು.

ಅವರಿಲ್ಲದ ಮೇಜಿನ ಸುತ್ತ

ಸುಕರ್ನೋ ಆಗ ಸೋವಿಯತ್‌ನಿಂದ ವಿಮಾನ, ಹಡಗು ತಗೊಳ್ತಿದ್ರು. ವಾಷಿಂಗ್ಟನ್‌ಗೆ ಎದೆ ಢವಢವ, ಇಂಡೋನೇಷ್ಯಾ ಕಮ್ಯುನಿಸ್ಟ್ ಆಗಿಬಿಟ್ರೆ? ಕೆನಡಿ ಆಡಳಿತದ ಒಬ್ಬ ಅಧಿಕಾರಿ, ರಾಬರ್ಟ್ ಕೋಮರ್, 1961ರಲ್ಲೇ ಬರೆದಿದ್ದ, ಇಂಡೋನೇಷ್ಯಾ ರಷ್ಯಾ ಕಡೆ ವಾಲೋದು ದೊಡ್ಡ ಅಪಾಯ, ಅದರ ಮುಂದೆ ನರಭಕ್ಷಕರ ನಾಡಿನ ಕೆಲವು ಸಾವಿರ ಮೈಲಿ ಅವರ ಕೈಗೆ ಹೋದ್ರೆ ಏನು ಮಹಾ ಅನ್ನೋ ಅರ್ಥದಲ್ಲಿ. 1962ರ ಏಪ್ರಿಲ್‌ನಲ್ಲಿ ಕೆನಡಿ ಡಚ್ ಪ್ರಧಾನಿಗೆ ಕಾಗದ ಬರೆದು ಬಿಟ್ಕೊಡಿ ಅಂತ ಒತ್ತಾಯ ಮಾಡಿದ್ರು. ಸಂಧಾನಕ್ಕೆ ಕೂತದ್ದು ಎಲ್ಸ್‌ವರ್ತ್ ಬಂಕರ್, ಅದಕ್ಕೆ ಸ್ವಲ್ಪ ಮುಂಚೆ ದೆಹಲಿಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದೋರು. 1962ರ ಆಗಸ್ಟ್ 15ಕ್ಕೆ ನ್ಯೂಯಾರ್ಕ್ ಒಪ್ಪಂದಕ್ಕೆ ಸಹಿ ಬಿತ್ತು. ಸಹಿ ಇಂಡೋನೇಷ್ಯಾದ್ದು, ನೆದರ್‌ಲ್ಯಾಂಡ್ಸ್‌ದ್ದು. ಯಾರ ನೆಲವೋ ಅವರ ಸಹಿ ಬಿಡಿ, ಆ ಚುನಾಯಿತ ಕೌನ್ಸಿಲನ್ನ ಒಂದು ಮಾತು ಕೇಳ್ಲೂ ಇಲ್ಲ.

ಈ ಒಪ್ಪಂದವನ್ನ ಕೂತು ಓದಿದ್ರೆ ಕೆಟ್ಟದ್ದಾಗಿ ಕಾಣಲ್ಲ, ಅದೇ ಇದರ ಮಜಾ. ಮೊದಲು ವಿಶ್ವಸಂಸ್ಥೆ ಆಡಳಿತ ವಹಿಸ್ಕೊಳುತ್ತೆ, ಆಮೇಲೆ ಇಂಡೋನೇಷ್ಯಾಗೆ ಕೊಡುತ್ತೆ, 1969 ಮುಗಿಯೋದ್ರೊಳಗೆ ಜನರೇ ತೀರ್ಮಾನ ಮಾಡ್ತಾರೆ. 18ನೇ ಕಲಮಿನಲ್ಲಿ ಸ್ಪಷ್ಟವಾಗಿ ಬರೆದಿದೆ, ವಯಸ್ಕ ಗಂಡಸರು ಹೆಂಗಸರು ಎಲ್ಲರಿಗೂ ಭಾಗವಹಿಸೋ ಅರ್ಹತೆ ಇದೆ, ಅಂತಾರಾಷ್ಟ್ರೀಯ ಪದ್ಧತಿ ಪ್ರಕಾರ ಆಗ್ಬೇಕು. 22ನೇ ಕಲಮಿನಲ್ಲಿ ಮಾತಾಡೋ, ಓಡಾಡೋ, ಸಭೆ ಸೇರೋ ಸ್ವಾತಂತ್ರ್ಯದ ಗ್ಯಾರಂಟಿ. ಇದಕ್ಕಿಂತ ಇನ್ನೇನು ಬೇಕು? ಬೇಕಾಗಿದ್ದು ಒಂದೇ, ಇದನ್ನ ಪಾಲಿಸ್ದೇ ಇದ್ರೆ ಏನು ಮಾಡೋದು ಅಂತ ಬರೆದ ಒಂದು ಸಾಲು. ಅದಿರಲಿಲ್ಲ. ಮತದಾನ ನಡೆಸೋ ಜವಾಬ್ದಾರಿ ಇಂಡೋನೇಷ್ಯಾದ್ದೇ, ವಿಶ್ವಸಂಸ್ಥೆ ಸಲಹೆ ಕೊಡುತ್ತೆ, ಸಹಾಯ ಮಾಡುತ್ತೆ, ಜೊತೆಗಿರುತ್ತೆ ಅಷ್ಟೆ. ಯಾರ ಮೇಲೆ ತೀರ್ಪು ಆಗ್ಬೇಕೋ ಅವರ ಕೈಗೇ ಕೋರ್ಟು.

ಡಚ್ಚರಿಗೂ ಇಂಡೋನೇಷ್ಯಾಗೂ ನಡುವಿನ ಕದನ ವಿರಾಮ ನೋಡ್ಕೊಳೋಕೆ ಬಂದ ವೀಕ್ಷಕರ ತಂಡದ ಮುಖ್ಯಸ್ಥ ನಮ್ಮ ಬ್ರಿಗೇಡಿಯರ್ ಇಂದರ್‌ಜಿತ್ ರಿಖಿ. ಶಾಂತಿಪಡೆಯಾಗಿ ಬಂದದ್ದು ಸುಮಾರು 1,500 ಪಾಕಿಸ್ತಾನಿ ಸೈನಿಕರು. ಆಡಳಿತಗಾರ ಇರಾನಿನ ಜಲಾಲ್ ಅಬ್ದೋ. 1962ರ ಅಕ್ಟೋಬರ್ 1ರಿಂದ 1963ರ ಮೇ 1ರವರೆಗೆ, ಏಳು ತಿಂಗಳು, ಅಷ್ಟೇ ವಿಶ್ವಸಂಸ್ಥೆಯ ರಾಜ್ಯಭಾರ. ವಸಾಹತುಗಳ ಕಷ್ಟ ಗೊತ್ತಿದ್ದ ದೇಶಗಳ ಜನರೇ ಎಲ್ಲಾ ಕಡೆ ತುಂಬಿದ್ರು, ಅದು ಪಪುವಾದವರಿಗೆ ಮೂರು ಕಾಸಿನ ಉಪಯೋಗಕ್ಕೆ ಬರ್ಲಿಲ್ಲ.

ಮೇ 1ಕ್ಕೆ ಇಂಡೋನೇಷ್ಯಾ ಬಂತು. ಕೌನ್ಸಿಲ್ ಹೋಯ್ತು, ಪಕ್ಷಗಳು ಹೋದ್ವು, ಬಾವುಟ ನಿಷೇಧ. 1965ರಲ್ಲಿ ಬೆಟ್ಟದಲ್ಲಿ ಬಂಡಾಯ ಶುರುವಾಯ್ತು, ಓಪಿಎಂ ಅಂತ ಈಗ್ಲೂ ಕರೆಯೋ ಸ್ವತಂತ್ರ ಪಪುವಾ ಚಳವಳಿ. ಅಷ್ಟರಲ್ಲಿ ಜಕಾರ್ತದಲ್ಲಿ ಸುಕರ್ನೋ ಕೆಳಗಿಳಿದು ಜನರಲ್ ಸುಹಾರ್ತೋ ಮೇಲೆ ಕೂತಿದ್ರು. ಕಮ್ಯುನಿಸ್ಟ್ ಭಯ ಹೋಯ್ತಲ್ಲ, ಇನ್ನಾದ್ರೂ ಅಮೆರಿಕಕ್ಕೆ ಒಪ್ಪಂದ ನೆನಪಾಗಬಹುದು ಅಂದ್ಕೊಂಡ್ರೆ, 1967ರ ಏಪ್ರಿಲ್‌ನಲ್ಲಿ ಅಮೆರಿಕದ ಫ್ರೀಪೋರ್ಟ್ ಕಂಪನಿ ಪಪುವಾದ ಬೆಟ್ಟದಲ್ಲಿ ತಾಮ್ರ ತೆಗೆಯೋಕೆ ಸುಹಾರ್ತೋ ಸರ್ಕಾರದ ಜೊತೆ 30 ವರ್ಷದ ಕರಾರು ಮಾಡ್ಕೊಳ್ತು. ಆ ಎರ್ಟ್ಸ್‌ಬರ್ಗ್ ಅನ್ನೋ ಅದಿರಿನ ಗುಡ್ಡವನ್ನ ಡಚ್ ಭೂವಿಜ್ಞಾನಿ ದೋಝಿ 1936ರಲ್ಲೇ ನೋಡಿ ಬಂದಿದ್ದ. ಜನಾಭಿಪ್ರಾಯ ಕೇಳೋಕೆ ಇನ್ನೂ ಎರಡು ವರ್ಷ ಇತ್ತು. ಜಾಗ ಯಾರಿಗೆ ಸೇರುತ್ತೆ ಅಂತ ತೀರ್ಮಾನ ಆಗೋಕೆ ಮುಂಚೆನೇ ಅದರ ಹೊಟ್ಟೆಯೊಳಗಿನದ್ದು ಮಾರಾಟ ಆಗಿಹೋಗಿತ್ತು, ಇನ್ನು ಫಲಿತಾಂಶ ಬೇರೆ ಬರೋದು ಹೇಗೆ ಸ್ವಾಮಿ.

20 ದಿನ

1968ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ಪ್ರತಿನಿಧಿ ಬಂದ್ರು, ಬೊಲಿವಿಯಾದ ಫೆರ್ನಾಂಡೋ ಒರ್ಟಿಜ್ ಸಾನ್ಸ್. ಅವರ ಕೈಯಲ್ಲಿ ಇದ್ದ ಜನ ಬೆರಳೆಣಿಕೆ. ಇಷ್ಟು ದೊಡ್ಡ ನಾಡಿಗೆ ಇಪ್ಪತ್ತಕ್ಕಿಂತ ಕಮ್ಮಿ ಸಿಬ್ಬಂದಿ, ಅದರಲ್ಲೂ ಕಚೇರಿ ಕೆಲಸದವರು ಸೇರಿ. ಅವರು ಒಂದು ಮಧ್ಯಮ ದಾರಿ ಹೇಳಿದ್ರು, ಪಟ್ಟಣಗಳಲ್ಲಿ ಒಬ್ಬರಿಗೊಂದು ಓಟು, ಒಳನಾಡಿನಲ್ಲಿ ಸಾಮೂಹಿಕ ಸಮಾಲೋಚನೆ. ಇಂಡೋನೇಷ್ಯಾ ಅದಕ್ಕೂ ಒಪ್ಲಿಲ್ಲ. ಇಲ್ಲಿನ ಜನ ಇನ್ನೂ ಹಿಂದುಳಿದೋರು, ಓಟು ಹಾಕೋಕೆ ಬರಲ್ಲ, ನಮ್ಮಲ್ಲಿ ಎಲ್ಲರೂ ಕೂತು ಒಮ್ಮತಕ್ಕೆ ಬರೋ ಪದ್ಧತಿ ಇದೆ, ಅದರ ಪ್ರಕಾರ ಮಾಡ್ತೀವಿ ಅಂತು. ಎಂಟು ಜಿಲ್ಲೆಗೆ ಎಂಟು ಕೌನ್ಸಿಲ್, ಒಟ್ಟು 1,025 ಸದಸ್ಯರು. ಅವರನ್ನ ಆರಿಸಿದಾಗ ವಿಶ್ವಸಂಸ್ಥೆಯವರು ಕಣ್ಣಾರೆ ನೋಡಿದ್ದು ಐದರಲ್ಲಿ ಒಂದು ಭಾಗದಷ್ಟನ್ನ ಮಾತ್ರ.

ಆರಿಸಿದೋರನ್ನ ಮನೆಮಂದಿಯಿಂದ ದೂರ ಕಾವಲಿನಲ್ಲಿ ಇಟ್ರು. ಊಟ, ಉಡುಗೊರೆ, ಜೊತೆಗೆ ಬೆದರಿಕೆ. ಸ್ವಾತಂತ್ರ್ಯ ಬೇಕು ಅನ್ನೋರು ಪೆಸಿಫಿಕ್‌ನಲ್ಲಿ ಒಂದು ದ್ವೀಪ ಕೊಡಪ್ಪಾ ಅಂತ ದೇವರನ್ನ ಕೇಳ್ಕೊಳ್ಳಿ, ಇಲ್ಲಾ ಅಮೆರಿಕದವರಿಗೆ ಹೇಳಿ ಚಂದ್ರನ ಮೇಲೆ ಜಾಗ ಮಾಡ್ಕೊಳ್ಳಿ ಅಂತ ಇಂಡೋನೇಷ್ಯಾ ಸೈನ್ಯದ ಜನರಲ್ ಅಲಿ ಮುರ್ತೋಪೋ ಹೇಳಿದ್ರು ಅಂತ ಆಗ ಅಲ್ಲಿ ಇದ್ದೋರು ಆಮೇಲೆ ನೆನಪು ಮಾಡ್ಕೊಂಡಿದ್ದಾರೆ. ಚಂದ್ರನ ಮಾತು ಸುಮ್ನೆ ಬಂದದ್ದಲ್ಲ, ಅಪೋಲೋ 11 ಆಗ್ತಾನೇ ಇಳಿಯೋದ್ರಲ್ಲಿತ್ತು.

ಜುಲೈ 14ಕ್ಕೆ ಮೆರೌಕೆ, 175 ಜನ. ಗೃಹ ಸಚಿವರ ಭಾಷಣ, ಗಣರಾಜ್ಯದಲ್ಲಿ ಉಳಿಯೋದು ಬಿಟ್ಟು ನಿಮಗೆ ಬೇರೆ ದಾರಿ ಇಲ್ಲ ಅನ್ನೋ ಧಾಟಿಯಲ್ಲಿ. ಆಮೇಲೆ ಕೆಲವರು ಸದಸ್ಯರು ಎದ್ದು ಹೊಗಳಿ ಮಾತಾಡಿದ್ರು. ಆಮೇಲೆ ಒಪ್ಪೋರು ಎದ್ದು ನಿಲ್ಲಿ ಅಂದ್ರು, ಎಲ್ರೂ ಎದ್ದು ನಿಂತ್ರು. 16ಕ್ಕೆ ವಮೇನಾ 175, 19ಕ್ಕೆ ನಬೀರೆ 175. 20ಕ್ಕೆ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ, ಇಡೀ ಜಗತ್ತು ರೇಡಿಯೋಗೆ ಕಿವಿ ಕೊಟ್ಟು ಕೂತಿತ್ತು. 23ಕ್ಕೆ ಫಕ್‌ಫಕ್ 75, 26ಕ್ಕೆ ಸೊರೋಂಗ್ 110. 27ಕ್ಕೆ ಅಮೆರಿಕದ ಅಧ್ಯಕ್ಷ ನಿಕ್ಸನ್ ಜಕಾರ್ತಕ್ಕೆ ಬಂದಿಳಿದ್ರು, ಅವರ ಸಲಹೆಗಾರ ಕಿಸಿಂಜರ್ ಮೊದಲೇ ಚೀಟಿ ಬರೆದುಕೊಟ್ಟಿದ್ರು, ಈ ವಿಷಯ ನೀವಾಗಿ ಎತ್ತಬೇಡಿ ಅಂತ. 29ಕ್ಕೆ ಮನೋಕ್ವಾರಿ 75. ಅಲ್ಲಿ ಮಾತ್ರ ಹೊರಗೆ ಹುಡುಗರು ಸೇರಿ 'ಸೆಂದಿರಿ, ಸೆಂದಿರಿ', ಅಂದ್ರೆ ನಾವು ಒಂಟಿಯಾಗೇ ಇರ್ತೀವಿ ಅಂತ ಕೂಗಿದ್ರು, ಅವರನ್ನ ಹಿಡಿದು ಗಾಡಿಗೆ ತುಂಬಿದ್ರು. ಆಸ್ಟ್ರೇಲಿಯಾದ ಪತ್ರಕರ್ತ ಹ್ಯೂ ಲನ್ ಅಲ್ಲೇ ಇದ್ದು ನೋಡಿದ. 31ಕ್ಕೆ ಬಿಯಾಕ್ 130, ಆಗಸ್ಟ್ 2ಕ್ಕೆ ಜಯಪುರ 110. ಕೂಡಿ ನೋಡಿ, ಸರಿಯಾಗಿ 1,025. ಎಂಟೂ ಕಡೆ ಒಂದೇ ಉತ್ತರ.

ನನಗೆ ಇದರಲ್ಲಿ ತುಂಬಾ ಚುಚ್ಚೋದು ಒಮ್ಮತದ ನೆಪ. ಪಪುವಾದ ಬೆಟ್ಟದ ಜನರಲ್ಲಿ ಕೂತು ಮಾತಾಡಿ ಊರೆಲ್ಲಾ ಒಂದೇ ತೀರ್ಮಾನಕ್ಕೆ ಬರೋ ಪದ್ಧತಿ ನಿಜವಾಗ್ಲೂ ಇದೆ, ಇವತ್ತಿಗೂ. ನೋಕೆನ್ ಅಂತ ಮರದ ನಾರಲ್ಲಿ ಹೆಣೆದ ಚೀಲ, ಹಣೆಗೆ ಪಟ್ಟಿ ಕೊಟ್ಟು ಬೆನ್ನ ಹಿಂದೆ ಇಳಿಬಿಟ್ಕೊಂಡು ಹೆಂಗಸರು ಗೆಣಸು, ಸೌದೆ, ಮಗು ಎಲ್ಲಾ ಅದರಲ್ಲೇ ಹೊರ್ತಾರೆ. ಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ನೋಕೆನ್ ನೇತು ಹಾಕಿ, ಊರು ಒಪ್ಪಿದಂಗೆ ಓಟು ಅದರೊಳಗೆ ಹಾಕೋ ಪದ್ಧತಿಯನ್ನ ಇಂಡೋನೇಷ್ಯಾದ ಸಂವಿಧಾನ ನ್ಯಾಯಾಲಯವೇ 2009ರಲ್ಲಿ ಮಾನ್ಯ ಮಾಡ್ತು. ಅದರಲ್ಲೂ ಹುಳುಕು ಇಲ್ಲ ಅಂತಲ್ಲ, ದೊಡ್ಡೋರು ತಮಗೆ ಬೇಕಾದ ಕಡೆ ತಿರುಗಿಸ್ಕೊಳ್ತಾರೆ ಅನ್ನೋ ದೂರಿದೆ. ಆದ್ರೆ ಊರೋರು ತಾವೇ ಹೊತ್ತು ಹೋಗೋವರೆಗೆ ವಾದ ಮಾಡಿ ಒಪ್ಪೋದು ಬೇರೆ, ಸೈನ್ಯ ಆರಿಸಿದ ಜನ ಸೈನ್ಯದ ಮುಂದೆ ಎದ್ದು ನಿಲ್ಲೋದು ಬೇರೆ. ಅವರ ಪದ್ಧತಿಯನ್ನೇ ಅವರ ಕುತ್ತಿಗೆಗೆ ಹಾಕಿದ್ರಲ್ಲ, ಅದು.

ನ್ಯೂಯಾರ್ಕಿನ ಸಭಾಂಗಣ

ಈ ಸಭೆಗಳಿಗೂ ಮುಂಚೆ ಇಬ್ಬರು ಪಪುವಾದ ಯುವಕರು, ವಿಲ್ಲೆಮ್ ಜೊಂಗೊನೌ ಮತ್ತು ಕ್ಲೆಮೆನ್ಸ್ ರುನಾವೇರಿ, ಮನವಿ ಪತ್ರ ಹಿಡ್ಕೊಂಡು ಗಡಿ ದಾಟಿ ಪೂರ್ವಕ್ಕೆ ಬಂದಿದ್ರು, ನ್ಯೂಯಾರ್ಕಿನ ವಿಶ್ವಸಂಸ್ಥೆಗೆ ಹೋಗಿ ಹೇಳ್ಬೇಕು ಅಂತ. ಪೂರ್ವದ ಭಾಗ ಆಗ ಆಸ್ಟ್ರೇಲಿಯಾ ಕೈಲಿತ್ತು. ಅವರನ್ನ ತಡೆದು ಮಾನುಸ್ ದ್ವೀಪಕ್ಕೆ ಕಳಿಸಿದ್ರು. ಹೌದು, ಆಸ್ಟ್ರೇಲಿಯಾ ಆಮೇಲೆ ದೋಣಿಯಲ್ಲಿ ಬಂದ ನಿರಾಶ್ರಿತರನ್ನ ಕೂಡಿಟ್ಟಿತಲ್ಲ, ಅದೇ ಮಾನುಸ್.

ಒರ್ಟಿಜ್ ಸಾನ್ಸ್ ವರದಿಯಲ್ಲಿ ಆಕ್ಷೇಪ ಇದೆ, 22ನೇ ಕಲಮು ಪೂರ್ತಿ ಪಾಲನೆ ಆಗ್ಲಿಲ್ಲ ಅಂತ ಬರೆದ್ರು. ಆದ್ರೆ ಕೊನೆಗೆ, ಮುಕ್ತ ಆಯ್ಕೆಯ ಕ್ರಿಯೆ 'ಇಂಡೋನೇಷ್ಯಾದ ಪದ್ಧತಿ ಪ್ರಕಾರ' ನಡೆದಿದೆ ಅಂತ ಷರಾ ಬರೆದ್ರು. ಒಪ್ಪಂದದಲ್ಲಿ ಇದ್ದದ್ದು ಅಂತಾರಾಷ್ಟ್ರೀಯ ಪದ್ಧತಿ. 1969ರ ನವೆಂಬರ್ 19ಕ್ಕೆ ಸಾಮಾನ್ಯ ಸಭೆಯ ಮುಂದೆ 2504ನೇ ನಿರ್ಣಯ ಬಂತು, ಪರ 84, ವಿರೋಧ ಸೊನ್ನೆ, 30 ದೇಶ ತಟಸ್ಥ. ಘಾನಾದಂಥ ಕೆಲವು ಆಫ್ರಿಕನ್ ದೇಶಗಳು ಇನ್ನೊಂದು ಸಲ ಜನರನ್ನ ಕೇಳಿ ಅಂದ್ವು, ಅದು ಬಿದ್ದುಹೋಯ್ತು. ನಿರ್ಣಯ ಏನು ಮಾಡ್ತು ಅಂದ್ರೆ ವರದಿಯನ್ನ 'ಗಮನಕ್ಕೆ ತೆಗೆದುಕೊಂಡಿತು'. ಸರಿ ಅಂತ ಹೇಳ್ಲಿಲ್ಲ, ತಪ್ಪು ಅಂತನೂ ಹೇಳ್ಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಅರ್ಜಿ ಕೊಟ್ಟು ಅಲೆದೋರಿಗೆ ಈ ಭಾಷೆ ಚೆನ್ನಾಗಿ ಅರ್ಥ ಆಗುತ್ತೆ.

ಆ ಹೊತ್ತಿಗೆ ವಿಶ್ವಸಂಸ್ಥೆಯಲ್ಲಿ ಪ್ರಧಾನ ಕಾರ್ಯದರ್ಶಿ ಊ ಥಾಂಟ್‌ಗೆ ಬಲಗೈಯಂತಿದ್ದ ಅಧಿಕಾರಿ ಸಿ. ವಿ. ನರಸಿಂಹನ್, ತಮಿಳುನಾಡಿನವರು. 1966ರಲ್ಲಿ ವಿಶ್ವಸಂಸ್ಥೆಯಲ್ಲಿ ಎಂ. ಎಸ್. ಸುಬ್ಬುಲಕ್ಷ್ಮಿ ಹಾಡಿದ್ರಲ್ಲ, ಅದರ ಹಿಂದಿದ್ದೋರೂ ಇವರೇ. ನಿವೃತ್ತಿಯಾಗಿ ಎಷ್ಟೋ ವರ್ಷದ ಮೇಲೆ, 2001ರಲ್ಲಿ, ಒಂದು ಸುದ್ದಿಸಂಸ್ಥೆ ಪಪುವಾ ಬಗ್ಗೆ ಕೇಳಿದಾಗ ಅವರು ಮುಚ್ಚುಮರೆ ಇಲ್ದೆ ಹೇಳಿದ್ರು, ಅದು ಬರೀ ತಿಪ್ಪೆ ಸಾರಿಸಿದ ಕೆಲಸ, ಈ ರಗಳೆ ಆದಷ್ಟು ಬೇಗ ಕಳ್ಕೊಳ್ಬೇಕು ಅನ್ನೋದೇ ವಿಶ್ವಸಂಸ್ಥೆಯ ಮನಸ್ಥಿತಿ ಆಗಿತ್ತು, ಅಲ್ಲಿ ಹತ್ತು ಲಕ್ಷ ಜನರ ಮೂಲಭೂತ ಹಕ್ಕು ತುಳೀತಿದ್ದೀವಿ ಅಂತ ಯಾರೂ ಯೋಚನೆ ಮಾಡ್ಲಿಲ್ಲ ಅನ್ನೋ ಅರ್ಥದಲ್ಲಿ. ಹೇಳಿದ್ದು ದೊಡ್ಡ ಮಾತು, ಗೌರವ ಇದೆ. ಮೂವತ್ತೆರಡು ವರ್ಷ ಲೇಟು, ಅದೂ ಇದೆ. 2004ರಲ್ಲಿ ಹೊರಬಿದ್ದ ಅಮೆರಿಕದ ಗುಪ್ತ ತಂತಿಗಳಲ್ಲೂ ಇದೇ ಸತ್ಯ, ಜಕಾರ್ತದ ಅವರ ರಾಯಭಾರ ಕಚೇರಿ 1969ರಲ್ಲೇ ಬರೆದಿತ್ತು, ಇದು ಗ್ರೀಕ್ ದುರಂತ ನಾಟಕದ ಥರ, ಕೊನೆ ಮೊದಲೇ ನಿಶ್ಚಯ ಆಗಿದೆ ಅಂತ. ಡಚ್ ಸರ್ಕಾರದ ಕೋರಿಕೆ ಮೇಲೆ ಇತಿಹಾಸಕಾರ ದ್ರೋಗ್ಲೇವರ್ ಮಾಡಿದ ಅಧ್ಯಯನ 2005ರಲ್ಲಿ ಬಂತು, ಅದೂ ಇದೊಂದು ನಾಟಕ ಅಂತಲೇ ಹೇಳ್ತು. ಅಂದ್ರೆ ಗೊತ್ತಿಲ್ದೇ ಆದ ತಪ್ಪಲ್ಲ ಇದು, ಗೊತ್ತಿದ್ದೋರೆಲ್ಲ ಆಗ ಬಾಯಿ ಮುಚ್ಕೊಂಡಿದ್ರು.

ಆಮೇಲೆ

ಆಮೇಲಿನದ್ದು ಡಾಕ್ಯುಮೆಂಟರಿಗಳು ಚೆನ್ನಾಗಿ ತೋರ್ಸಿವೆ, ನಾನು ಬೇಗ ಮುಗಿಸ್ತೀನಿ. ಎರ್ಟ್ಸ್‌ಬರ್ಗ್ ಪಕ್ಕದಲ್ಲೇ 1988ರಲ್ಲಿ ಗ್ರಾಸ್‌ಬರ್ಗ್ ಸಿಕ್ತು, ಜಗತ್ತಿನ ಅತಿ ದೊಡ್ಡ ಚಿನ್ನ, ತಾಮ್ರದ ನಿಕ್ಷೇಪಗಳಲ್ಲಿ ಒಂದು. ಬೆಟ್ಟ ಅಮುಂಗ್ಮೆ ಜನರದ್ದು, ಗಣಿಯ ಹೂಳು ಹರಿದು ಹೋಗೋ ಅಜ್ಕ್ವಾ ನದಿಯ ಕೆಳಭಾಗ ಕಮೋರೋ ಜನರದ್ದು. ಜಾವಾ ಕಡೆಯಿಂದ ಸರ್ಕಾರವೇ ಜನರನ್ನ ತಂದು ನೆಲೆಗೊಳಿಸ್ತು, ತಾವಾಗೇ ಬಂದೋರು ಇನ್ನೂ ಹೆಚ್ಚು, ಈಗ ಕರಾವಳಿಯ ಎಷ್ಟೋ ಪಟ್ಟಣಗಳ ಮಾರ್ಕೆಟ್ಟಲ್ಲಿ ಅಂಗಡಿ ಅವರದ್ದು, ನೆಲದ ಮೇಲೆ ಗೋಣಿ ಹಾಸ್ಕೊಂಡು ಗೆಣಸು, ಅಡಿಕೆ ಮಾರೋ ಹೆಂಗಸರು ಪಪುವಾದವರು. ಸತ್ತೋರು ಎಷ್ಟು ಅನ್ನೋದಕ್ಕೆ ಎಲ್ಲರೂ ಒಪ್ಪೋ ಲೆಕ್ಕ ಇಲ್ಲ, ಲೆಕ್ಕ ಹಾಕೋಕೆ ಹೊರಗಿನೋರನ್ನ ಒಳಗೆ ಬಿಡೋದೇ ಅಪರೂಪ. 2014ರಲ್ಲಿ ಡಾಕ್ಯುಮೆಂಟರಿ ಮಾಡೋಕೆ ಟೂರಿಸ್ಟ್ ವೀಸಾದಲ್ಲಿ ಹೋದ ಇಬ್ಬರು ಫ್ರೆಂಚ್ ಪತ್ರಕರ್ತರನ್ನ ತಿಂಗಳುಗಟ್ಟಲೆ ಜೈಲಲ್ಲಿ ಇಟ್ರು. ಹಾಗಾಗಿ ನಾವು ನೋಡೋ ಚಿತ್ರಗಳಲ್ಲಿ ಕದ್ದು ತೆಗೆದ, ಅಲ್ಲಾಡೋ ಶಾಟ್‌ಗಳೇ ಜಾಸ್ತಿ ಇದ್ರೆ ಅದು ಸ್ಟೈಲ್ ಅಲ್ಲ.

ಇಬ್ಬರ ಬಗ್ಗೆ ಹೇಳ್ಲೇಬೇಕು. ಅರ್ನಾಲ್ಡ್ ಆಪ್, ಜಯಪುರದ ವಿಶ್ವವಿದ್ಯಾಲಯದ ಮ್ಯೂಸಿಯಂ ನೋಡ್ಕೊಳ್ತಿದ್ದ ಮನುಷ್ಯ. ಮಂಬೆಸಾಕ್ ಅನ್ನೋ ತಂಡ ಕಟ್ಟಿ, ಊರೂರಿನ ಹಾಡು ಸಂಗ್ರಹ ಮಾಡಿ, ಬೇರೆಬೇರೆ ಪಪುವಾ ಭಾಷೆಗಳಲ್ಲಿ ಹಾಡಿ ಕ್ಯಾಸೆಟ್ ಮಾಡಿದ್ರು. ಹಾಡಲ್ಲಿ ರಾಜಕೀಯ ಘೋಷಣೆ ಇರ್ಲಿಲ್ಲ. 250 ಭಾಷೆಯ ಜನ ಒಬ್ಬರ ಹಾಡು ಇನ್ನೊಬ್ಬರು ಕೇಳಿ ನಾವೆಲ್ಲ ಒಂದು ಅಂದ್ಕೊಂಡ್ರಲ್ಲ, ಸರ್ಕಾರಕ್ಕೆ ಅದೇ ಬಾಂಬು. 1983ರಲ್ಲಿ ಹಿಡಿದ್ರು, 1984ರ ಏಪ್ರಿಲ್‌ನಲ್ಲಿ ಗುಂಡಿಟ್ಟು ಕೊಂದ್ರು, ತಪ್ಪಿಸ್ಕೊಳೋಕೆ ಹೋದ ಅಂತ ಹೇಳಿಕೆ. ಇನ್ನೊಬ್ಬರು ಫಿಲೆಪ್ ಕರ್ಮ, ಸರ್ಕಾರಿ ನೌಕರ. 1998ರ ಜುಲೈನಲ್ಲಿ ಬಿಯಾಕ್‌ನಲ್ಲಿ ನೀರಿನ ಟ್ಯಾಂಕ್ ಹತ್ರ ಬೆಳ್ಳಿ ಚುಕ್ಕಿ ಬಾವುಟ ಏರಿಸಿ ಜನ ಸೇರಿಸಿದ್ರು, ಸೈನ್ಯ ಗುಂಡು ಹಾರಿಸ್ತು. 2004ರ ಡಿಸೆಂಬರ್ 1ಕ್ಕೆ ಮತ್ತೆ ಏರಿಸಿದ್ರು, 15 ವರ್ಷ ಶಿಕ್ಷೆ. ಬಾವುಟ ಏರಿಸಿದ್ದಕ್ಕೆ. ಕ್ಷಮೆ ಕೇಳಿದ್ರೆ ಬಿಡ್ತೀವಿ ಅಂದ್ರೂ ತಪ್ಪೇ ಮಾಡಿಲ್ಲ ಅಂದೋರು, 2015ರಲ್ಲಿ ಹೊರಗೆ ಬಂದ್ರು, 2022ರಲ್ಲಿ ತೀರಿಹೋದ್ರು.

ಮಧ್ಯದಲ್ಲಿ ಒಂದು ಒಳ್ಳೇ ಗಳಿಗೆ ಬಂದಿತ್ತು. 2000ದ ಹೊತ್ತಿಗೆ ಅಧ್ಯಕ್ಷ ಗುಸ್ ದುರ್, ಅಂದ್ರೆ ಅಬ್ದುರ್ರಹಮಾನ್ ವಾಹಿದ್, ಪಪುವಾ ಅನ್ನೋ ಹೆಸರು ಇಟ್ಕೊಳ್ಳಿ, ಇಂಡೋನೇಷ್ಯಾ ಬಾವುಟಕ್ಕಿಂತ ಕೆಳಗಿದ್ರೆ ನಿಮ್ಮ ಬಾವುಟವೂ ಹಾರ್ಲಿ ಬಿಡಿ ಅಂದ್ರು. 2001ರಲ್ಲಿ ಅವರು ಅಧಿಕಾರ ಕಳ್ಕೊಂಡ್ರು, ಅದೇ ನವೆಂಬರ್‌ನಲ್ಲಿ ಪಪುವಾದ ನಾಯಕ ಥೇಯ್ಸ್ ಎಲುವೇ ಅವರನ್ನ ಸೈನ್ಯದ ವಿಶೇಷ ಪಡೆಯವರು ಕೊಂದ್ರು. ಎಲುವೇ ಯಾರು ಗೊತ್ತಾ? 1969ರ ಆ ಸಭೆಯಲ್ಲಿ ಇಂಡೋನೇಷ್ಯಾ ಪರವಾಗಿ ನಿಂತವರಲ್ಲಿ ಒಬ್ಬರು. ಆಮೇಲೆ ತಮ್ಮ ಓಟು ಬೆದರಿಕೆಯ ಓಟು ಅಂತ ತಾವೇ ಹೇಳಿದೋರು.

ಇದೇ ಇಂಡೋನೇಷ್ಯಾ 1975ರಲ್ಲಿ ಪೂರ್ವ ತಿಮೋರ್ ಮೇಲೂ ನುಗ್ಗಿತ್ತು, ಅಲ್ಲಿ 1999ರ ಆಗಸ್ಟ್ 30ಕ್ಕೆ ವಿಶ್ವಸಂಸ್ಥೆಯೇ ಗುಟ್ಟಿನ ಮತದಾನ ಮಾಡಿಸಿ 78.5% ಜನ ಸ್ವಾತಂತ್ರ್ಯಕ್ಕೆ ಓಟು ಹಾಕಿ ಇವತ್ತು ಅದು ಬೇರೆ ದೇಶ. ಜನ ಅಲ್ಲೂ ಸತ್ರು, ಇಲ್ಲೂ ಸತ್ರು. ವ್ಯತ್ಯಾಸ ಇದ್ದದ್ದು ಫೈಲಲ್ಲಿ, ತಿಮೋರ್‌ನ ಹೆಸರನ್ನ ಸ್ವಾತಂತ್ರ್ಯ ಬಾಕಿ ಇರೋ ವಸಾಹತುಗಳ ವಿಶ್ವಸಂಸ್ಥೆ ಪಟ್ಟಿಯಿಂದ ಯಾರೂ ಹೊಡೆದು ಹಾಕಿರ್ಲಿಲ್ಲ. ಪಪುವಾದ ಹೆಸರು 60ರ ದಶಕದಲ್ಲೇ ಆ ಪಟ್ಟಿಯಿಂದ ಮಾಯ. ಅದಕ್ಕೇ ಈಗ ಬೆನ್ನಿ ವೆಂಡಾ ಥರ ದೇಶ ಬಿಟ್ಟು ಹೋದ ನಾಯಕರು, ಪೆಸಿಫಿಕ್‌ನ ವನುವಾಟು ದೇಶ, ಎಲ್ಲರೂ ಆ ಪಟ್ಟಿಗೆ ವಾಪಸ್ ಸೇರಿಸಿ ಅಂತ ಬಡ್ಕೊಳ್ತಿರೋದು. 2019ರ ಜನವರಿಯಲ್ಲಿ 18 ಲಕ್ಷ ಸಹಿಯ ಮನವಿಯನ್ನ ವಿಶ್ವಸಂಸ್ಥೆ ಮಾನವ ಹಕ್ಕು ಮುಖ್ಯಸ್ಥೆಗೆ ಕೊಟ್ರು, ಹೆಚ್ಚಿನ ಸಹಿ ಒಳಗಿನೋರದ್ದೇ, ಸಿಕ್ಕಿಬಿದ್ರೆ ಜೈಲು ಅಂತ ಗೊತ್ತಿದ್ದೇ ಹಾಕಿದ್ದು. ಇಂಡೋನೇಷ್ಯಾ 2022ರಲ್ಲಿ ಪಪುವಾವನ್ನ ಇನ್ನೂ ತುಂಡು ಮಾಡಿ ಒಟ್ಟು ಆರು ಪ್ರಾಂತ್ಯ ಮಾಡ್ತು, ಆಡಳಿತ ಜನರ ಹತ್ರ ಹೋಗ್ಲಿ ಅಂತ ಅದರ ಸಮಜಾಯಿಷಿ, ಪಪುವಾದವರು ಅಂದಿದ್ದು ನಮ್ಮನ್ನ ಕೇಳ್ಲಿಲ್ಲ ಅಂತ.